ಸೀಮೆಯ ಹಸಿವು

೧೮೩೯ರ ಮೇ ತಿಂಗಳಲ್ಲಿ ಶಿಮ್ಲಾದ ಬೆಟ್ಟದ ಮೇಲೆ ಒಂದು ಔತಣ ನಡೆಯಿತು. ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ಸಂಭ್ರಮ ಅದು. ಆಗ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಆಕ್ಲೆಂಡನ ಸೋದರಿ ಎಮಿಲಿ ಈಡನ್ ತಾನು ಊರಿಗೆ ಬರೆದ ಕಾಗದವೊಂದರಲ್ಲಿ ಅದನ್ನು ವರ್ಣಿಸಿದ್ದಾಳೆ. ಸ್ಕಾಟ್ಲೆಂಡಿನ ಸಾಮನ್ ಮೀನು ಬಂದಿತ್ತು, ಮೆಡಿಟರೇನಿಯನ್ ಕಡಲಿನ ಸಾರ್ಡೀನ್ ಬಂದಿತ್ತು. ಫ್ರೆಂಚ್ ಬಾಣಸಿಗ ಮಾಡಿದ ಜೂಲಿಯೆನ್ ಸೂಪಿನ ಗುಣದೋಷ ವಿಚಾರವೂ ನಡೆಯುತ್ತಿತ್ತು. ಊಟಕ್ಕೆ ಕುಳಿತ ಐರೋಪ್ಯರು ೧೦೫ ಮಂದಿ. ಸುತ್ತಲೂ ಕಂಬಳಿ ಹೊದ್ದು ನಿಂತು ನೋಡುತ್ತಿದ್ದ ಬೆಟ್ಟದ ಜನ ೩,೦೦೦ಕ್ಕೆ ಕಡಮೆಯಿಲ್ಲ. ಇವರು ನಮ್ಮೆಲ್ಲರ ತಲೆ ತೆಗೆದು ಸುಮ್ಮನಾಗದೆ ಇರುವುದು ಹೇಗೆಂದು ತನಗೆ ಒಮ್ಮೊಮ್ಮೆ ಸೋಜಿಗವಾಗುತ್ತದೆ ಎಂಬ ಅರ್ಥ ಬರುವಂತೆ ಆಕೆ ಆ ಪ್ರಸಂಗವನ್ನು ಮುಗಿಸುತ್ತಾಳೆ. ಈ ಕಾಗದಗಳು ೧೮೬೬ರಲ್ಲಿ 'ಅಪ್ ದಿ ಕಂಟ್ರಿ' ಎಂಬ ಪುಸ್ತಕವಾಗಿ ಬಂದುವು.

ಆ ಔತಣವಾದ ಎಂಬತ್ತೈದು ವರ್ಷಗಳ ಮೇಲೆ, ೧೯೨೪ರಲ್ಲಿ, ಇ. ಎಂ. ಫಾರ್ಸ್ಟರನ 'ಎ ಪ್ಯಾಸೇಜ್ ಟು ಇಂಡಿಯ' ಪ್ರಕಟವಾಯಿತು. ಇಂಗ್ಲೆಂಡಿನಿಂದ ಹೊಸದಾಗಿ ಬಂದ ಅಡೆಲಾ ಕ್ವೆಸ್ಟೆಡ್ ಎಂಬ ಹುಡುಗಿ ಚಂದ್ರಾಪುರದ ಮ್ಯಾಜಿಸ್ಟ್ರೇಟ್ ರೋನಿಯ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಳೆ. ಮೇಜಿನ ಮೇಲೆ ಏನಿದೆ? ಮತ್ತೆ ಅದೇ ಜೂಲಿಯೆನ್ ಸೂಪು. ಕೊನೆಯಲ್ಲಿ ಮತ್ತೆ ಅದೇ ಸಾರ್ಡೀನ್. ನಡುವೆ ಸೀಸೆಯಿಂದ ಬಂದ ಗಟ್ಟಿ ಬಟಾಣಿ, ಇಂಗ್ಲಿಷ್ ಮೀನಿನ ವೇಷ ಹಾಕಿಕೊಂಡ ಇಲ್ಲಿಯ ಮುಳ್ಳು ಮೀನು. ರಾಣಿ ಹೋದಳು, ಕಂಪನಿ ಸರಕಾರ ಹೋಯಿತು, ೧೮೫೭ ಬಂದು ಹೋಯಿತು, ಒಂದು ಮಹಾಯುದ್ಧವೂ ಆಗಿ ಹೋಯಿತು. ಊಟದ ಪಟ್ಟಿ ಮಾತ್ರ ಕದಲಲಿಲ್ಲ. ಫಾರ್ಸ್ಟರ್ ಈಡನ್ನಳ ಕಾಗದವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದನೆಂದು ನಾನು ಹೇಳುತ್ತಿಲ್ಲ. ಕಂಡದ್ದನ್ನು ಕಂಡಂತೆ ಬರೆದ ಇಬ್ಬರ ಲೇಖನಿಗೂ ಅದೇ ಎರಡು ಪದಾರ್ಥಗಳು ಸಿಕ್ಕಿದುವೆಂಬುದೇ ಯೋಚನೆಗೆ ತಕ್ಕ ವಿಷಯ.

ಪರದೇಶದಲ್ಲಿ ಇರುವವನಿಗೆ ತನ್ನೂರಿನ ಊಟ ನೆನಪಾಗುವುದು ತಪ್ಪಲ್ಲ. ಭಾಷೆಯನ್ನು ಕಲಿಯಬಹುದು, ಉಡುಪನ್ನು ಬದಲಾಯಿಸಬಹುದು, ಆದರೆ ನಾಲಿಗೆ ತನ್ನ ಬಾಲ್ಯವನ್ನು ಬಿಟ್ಟುಕೊಡುವುದಿಲ್ಲ. ಹೀಗಿದ್ದೂ ಇಂಡಿಯಾದಲ್ಲಿದ್ದ ಇಂಗ್ಲಿಷರನ್ನು ಕುರಿತ ಸಾಹಿತ್ಯವನ್ನು ಓದುತ್ತ ಹೋದಂತೆ, ಈ ಸಹಜವಾದ ಹಸಿವು ಅಲ್ಲಿ ಬೇರೆ ಯಾವುದೋ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂಬ ಅನುಮಾನ ಬರುತ್ತದೆ. ಆ ಕೆಲಸ ಯಾವುದು, ಅದನ್ನು ಯಾವ ಲೇಖಕ ಕಂಡುಕೊಂಡ, ಯಾವನು ಕಾಣದೆ ಹೋದ ಎಂಬುದನ್ನು ಇಲ್ಲಿ ವಿಚಾರ ಮಾಡಬಹುದು.

ಮೊದಮೊದಲು ಹೀಗಿರಲಿಲ್ಲ. ಕಂಪನಿಯ ಕಾಲದ ಇಂಗ್ಲಿಷರು ಈ ನೆಲದ ಅಡುಗೆಯನ್ನು ಧಾರಾಳವಾಗಿ ಉಂಡರು. ತಮಿಳಿನ ಮಿಳಗುತಣ್ಣೀರು, ಎಂದರೆ ನಮ್ಮ ಮೆಣಸಿನ ಸಾರು, ಅವರ ಬಾಯಲ್ಲಿ 'ಮಲ್ಲಿಗಟಾನಿ' ಆಯಿತು. ಖಿಚಡಿ ಮೀನು ಮೊಟ್ಟೆಗಳ ಸಹವಾಸ ಮಾಡಿ 'ಕೆಜರಿ' ಆಯಿತು. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪ್ರಯಾಣ ಹತ್ತಿರವಾಯಿತು, ಹಡಗುಗಳಲ್ಲಿ ಹೆಂಡಿರು ಮಕ್ಕಳು ಬಂದರು, ಡಬ್ಬಿಗಳೂ ಸೀಸೆಗಳೂ ಬಂದುವು. ತಾಯ್ನಾಡು ಹತ್ತಿರವಾದಷ್ಟೂ ನಿಂತ ನೆಲ ದೂರವಾಯಿತು. ೧೮೮೬ರಲ್ಲಿ ಬಂದ 'ಹಾಬ್ಸನ್ ಜಾಬ್ಸನ್' ನಿಘಂಟಿನಲ್ಲಿ ಎರಡು ವಿಶೇಷಣಗಳು ದಾಖಲಾಗಿವೆ: ಅಲ್ಲಿಂದ ಬಂದ ಸರಕು 'ಯೂರೋಪ್', ಇಲ್ಲಿ ಹುಟ್ಟಿದ್ದು 'ಕಂಟ್ರಿ'. ಎರಡನೆಯ ಮಾತಿನಲ್ಲಿ ಸ್ವಲ್ಪ ತಾತ್ಸಾರ ಬೆರೆತಿತ್ತು.

ಈ ಬದಲಾವಣೆಯ ನಡುವೆ ನಿಂತು ಬರೆದವನು ಮದರಾಸಿನ ಸೈನ್ಯದಲ್ಲಿದ್ದ ಕೆನಿ ಹರ್ಬರ್ಟ್. 'ವೈವರ್ನ್' ಎಂಬ ಗುಪ್ತನಾಮದಿಂದ ಅವನು ೧೮೭೮ರಲ್ಲಿ ಪ್ರಕಟಿಸಿದ 'ಕಲಿನರಿ ಜಾಟಿಂಗ್ಸ್ ಫಾರ್ ಮದ್ರಾಸ್' ಪಾಕಶಾಸ್ತ್ರದ ಪುಸ್ತಕವಾದರೂ ಓದುವುದಕ್ಕೆ ಸೊಗಸಾಗಿದೆ. ಅದು ಯಾರಿಗಾಗಿ ಬರೆದದ್ದೆಂಬುದನ್ನು ಅದರ ಉದ್ದವಾದ ಶೀರ್ಷಿಕೆಯೇ ಹೇಳುತ್ತದೆ: ದೇಶ ಬಿಟ್ಟು ಬಂದ ಆಂಗ್ಲರಿಗಾಗಿ, ವನವಾಸಿಗಳಿಗಾಗಿ. ನಮ್ಮ ಪುರಾಣದ ವನವಾಸಿಗಳು ರಾಜ್ಯ ಕಳೆದುಕೊಂಡು ಕಾಡಿಗೆ ಹೋದವರು. ಇವರು ವನವಾಸದಲ್ಲಿ ರಾಜ್ಯವಾಳಿದವರು. ಆ ಪದದಲ್ಲಿರುವ ವಿಪರ್ಯಾಸವನ್ನು ಕೆನಿ ಹರ್ಬರ್ಟ್ ಗಮನಿಸಿದಂತೆ ಕಾಣುವುದಿಲ್ಲ. ಆದರೆ ಅವನಿಗೆ ನಾಲಿಗೆಯಿತ್ತು, ವಿವೇಕವಿತ್ತು. ಡಬ್ಬಿಯ ಸಾಮಾನಿಗೆ ಮಾರುಹೋಗಬೇಡಿ, ಮಾರುಕಟ್ಟೆಯಲ್ಲಿ ಸಿಕ್ಕುವ ತಾಜಾ ಪದಾರ್ಥವನ್ನು ನೋಡಿ ಕೊಳ್ಳಿ ಎಂಬುದು ಅವನ ಉಪದೇಶ. ದೊಡ್ಡ ಔತಣಗಳಲ್ಲಿ ಮಸಾಲೆಯ ಅಡುಗೆ ತನ್ನ ಮರ್ಯಾದೆ ಕಳೆದುಕೊಂಡಿತೆಂದು ಹೇಳುವವನೂ ಅವನೇ, ಅದನ್ನು ಸರಿಯಾಗಿ ಮಾಡುವ ಬಗೆಯನ್ನು ಶ್ರದ್ಧೆಯಿಂದ ಬರೆದಿಡುವವನೂ ಅವನೇ.

ಇಷ್ಟಾದರೂ ಆ ಪುಸ್ತಕದಲ್ಲಿ ಒಂದು ನೆರಳು ಓಡಾಡುತ್ತದೆ. ಅದರ ಹೆಸರು ರಾಮಸ್ವಾಮಿ. ಇವನು ಒಬ್ಬ ವ್ಯಕ್ತಿಯಲ್ಲ. ಮದರಾಸಿನ ಎಲ್ಲ ಅಡುಗೆಯವರಿಗೂ ಸೇರಿಸಿ ಕೊಟ್ಟ ಒಂದು ಹೆಸರು. ರಾಮಸ್ವಾಮಿಗೆ ಹೀಗೆ ಹೇಳಬೇಕು, ಅವನು ಹಾಗೆ ಮಾಡಿಬಿಡುತ್ತಾನೆ, ಎಚ್ಚರ — ಪುಸ್ತಕದ ಹಾಸ್ಯವೆಲ್ಲ ಬಹುಮಟ್ಟಿಗೆ ಅವನ ಮೇಲೆ ನಿಂತಿದೆ. ಆ ಮೂವತ್ತು ಔತಣಗಳ ಪಟ್ಟಿಯನ್ನು ಬರೆದವನು ಸಾಹೇಬ; ಬೆಂಕಿಯ ಮುಂದೆ ನಿಂತು ಮಾಡಬೇಕಾದವನು ರಾಮಸ್ವಾಮಿ. ಅವನಿಗೆ ಏನೆನಿಸುತ್ತಿತ್ತು ಎಂಬುದಕ್ಕೆ ಅಲ್ಲಿ ಸ್ಥಳವಿಲ್ಲ.

ಹತ್ತು ವರ್ಷಗಳ ಅನಂತರ ಬಂದ 'ದಿ ಕಂಪ್ಲೀಟ್ ಇಂಡಿಯನ್ ಹೌಸ್‌ಕೀಪರ್ ಅಂಡ್ ಕುಕ್' ಎಂಬ ಪುಸ್ತಕದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅದನ್ನು ಬರೆದವರು ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್. ಘನತೆ ದರ್ಪಗಳಿಲ್ಲದೆ ಹೇಗೆ ಇಂಡಿಯಾ ಸಾಮ್ರಾಜ್ಯವನ್ನು ಆಳಲಾಗದೋ ಹಾಗೆಯೇ ಇಂಡಿಯಾದ ಮನೆಯನ್ನೂ ನಡೆಸಲಾಗದು ಎಂಬುದು ಇವರ ಸಿದ್ಧಾಂತ. ಆಳು ವಯಸ್ಸಿನಲ್ಲಿ ದೊಡ್ಡವನಾದರೂ ಮಗುವೇ, ಮಗುವಿನಂತೆಯೇ ಅವನನ್ನು ನಡೆಸಿಕೊಳ್ಳಬೇಕು. ದೇಶೀಯ ಅಡುಗೆಗಳಿಗೆ ಕೊಟ್ಟ ಪುಟಗಳು ಕೆಲವೇ. ಅವುಗಳಲ್ಲಿ ಜಿಡ್ಡೂ ಸಿಹಿಯೂ ಅತಿಯೆಂಬ ಟೀಕೆಯೂ ಜೊತೆಗಿದೆ. ಇದನ್ನು ಓದಿ ಸ್ಟೀಲ್ ಬರಿಯ ದರ್ಪದ ಹೆಂಗಸೆಂದು ತೀರ್ಮಾನಿಸಿದರೆ ಅನ್ಯಾಯವಾದೀತು. ಆಕೆ ಪಂಜಾಬಿನ ಜನರ ಮಾತು ಕಲಿತಳು, ಹೆಣ್ಣುಮಕ್ಕಳ ಶಾಲೆಗಳಿಗಾಗಿ ದುಡಿದಳು. ಆಕೆ ಕೂಡಿಸಿದ ಜನಪದ ಕಥೆಗಳು ೧೮೯೪ರಲ್ಲಿ 'ಟೇಲ್ಸ್ ಆಫ್ ದಿ ಪಂಜಾಬ್' ಎಂದು ಪ್ರಕಟವಾದುವು. ಹೊಂದಿಕೊಂಡು ಬಾಳುವುದಕ್ಕೆ ಬೇಕಾದ ಬುದ್ಧಿ, ಶ್ರದ್ಧೆ, ಕುತೂಹಲ ಎಲ್ಲವೂ ಆಕೆಯಲ್ಲಿದ್ದುವು. ಕಥೆ ಹೇಳುವವರ ಎದುರು ಕಿವಿಗೊಟ್ಟು ಕುಳಿತವಳೇ ಅಡುಗೆಮನೆಯ ಹೊಸ್ತಿಲಿಗೆ ಬಂದಾಗ ರಾಜ್ಯಾಧಿಕಾರಿಣಿಯಾಗಿಬಿಡುತ್ತಿದ್ದಳು. ಊಟ ಅಷ್ಟು ಸೂಕ್ಷ್ಮವಾದ ಗಡಿ.

ಈಗ ಫಾರ್ಸ್ಟರನ ಕಡೆಗೆ ಮರಳೋಣ. ಆ ಊಟದ ಅಸಂಬದ್ಧತೆಯನ್ನು ಕಂಡು ನಕ್ಕವರಲ್ಲಿ ಅವನು ಅಗ್ರಗಣ್ಯ. ಹೊಸಬರಾಗಿ ಬಂದ ಯುವಕ ಯುವತಿಯರಿಗೆ ಅದೇ ಊಟವನ್ನೂ ಅದೇ ಅಭಿಪ್ರಾಯಗಳನ್ನೂ ಒಟ್ಟಿಗೆ ಬಡಿಸುತ್ತಾರೆ ಎಂದು ಅಡೆಲಾಳ ಮನಸ್ಸಿನ ಮೂಲಕ ಅವನು ಹೇಳಿಸುತ್ತಾನೆ. ಇದು ದೊಡ್ಡ ಒಳನೋಟ. ಸೀಸೆಯ ಬಟಾಣಿಯನ್ನು ನುಂಗಲು ಕಲಿತವನು ಕ್ಲಬ್ಬಿನ ಮಾತನ್ನೂ ನುಂಗಲು ಕಲಿಯುತ್ತಾನೆ. ತಾಯ್ನಾಡಿನ ಹಸಿವು ಮಾಡುತ್ತಿದ್ದ ಆ ಬೇರೆ ಕೆಲಸ ಇದೇ: ಬೇಲಿ ಕಟ್ಟುವುದು. ಆ ಊಟದಲ್ಲಿ ರುಚಿಯಿಲ್ಲದಿದ್ದರೂ ಚಿಂತೆಯಿಲ್ಲ, ಅದರಲ್ಲಿ ಯಾರು ಒಳಗಿನವರು ಯಾರು ಹೊರಗಿನವರು ಎಂಬ ಲೆಕ್ಕವಿದೆ.

ಆದರೆ ಅದೇ ಪ್ರಸಂಗದಲ್ಲಿ ಫಾರ್ಸ್ಟರ್ ಇನ್ನೊಂದು ಮಾತನ್ನೂ ಆಡುತ್ತಾನೆ. ಇದು ವನವಾಸಿಗಳ ಊಟ, ಬೇಯಿಸಿದ ಆಳುಗಳಿಗೆ ಅದು ಅರ್ಥವಾಗಿಲ್ಲ ಎಂಬುದು ಅದರ ಸಾರಾಂಶ. ಈ ಮಾತನ್ನು ನಾನು ಹಲವು ಸಲ ಓದಿದ್ದೇನೆ, ಓದಿದಾಗಲೆಲ್ಲ ಅಲ್ಲಿ ತಡೆದು ನಿಂತಿದ್ದೇನೆ. ಅರ್ಥವಾಗಿಲ್ಲ ಎಂದರೇನು? ತಾನು ಎಂದೂ ಕಾಣದ ದೇಶದ ಅಡುಗೆ. ಅನೇಕ ಸಲ ತನ್ನ ಧರ್ಮ ಜಾತಿಗಳ ದೆಸೆಯಿಂದ ತಾನು ನಾಲಿಗೆಯ ಮೇಲೂ ಇಟ್ಟುಕೊಳ್ಳಲಾಗದ ಪದಾರ್ಥ. ತನ್ನದಲ್ಲದ ಭಾಷೆಯಲ್ಲಿ, ಅರ್ಧ ಬೈಗುಳಾಗಿ ಬಂದ ಅಪ್ಪಣೆ. ಇಷ್ಟರ ನಡುವೆ ಕೆಂಡದ ಒಲೆಯ ಮೇಲೆ ಅವನು ಪುಡಿಂಗನ್ನು ನಿಲ್ಲಿಸಿದ. ಇನ್ನೊಬ್ಬರ ತಾಯಿಯ ಕೈರುಚಿಯನ್ನು ಬರಿಯ ಕಿವಿಯಿಂದ ಕೇಳಿ ಮಾಡಬೇಕಾದವನು ಮಾಡಿದ್ದು ಅಷ್ಟಿಷ್ಟು ಕೆಟ್ಟಿದ್ದರೆ ಅದನ್ನು ಅಜ್ಞಾನವೆನ್ನುವುದಕ್ಕಿಂತ ಸಾಹಸವೆನ್ನುವುದು ಹೆಚ್ಚು ನ್ಯಾಯ. ಸಾಹೇಬ ಮೂವತ್ತು ವರ್ಷ ಇಲ್ಲಿದ್ದು ಒಂದು ಸಾರು ಕಲಿಯಲಿಲ್ಲ. ಅಡುಗೆಯವನು ತನ್ನ ಊರಿನಲ್ಲೇ ಇದ್ದು ಇಂಗ್ಲೆಂಡನ್ನು ಕಲಿತ. ಪರಸಂಸ್ಕೃತಿಗೆ ಹೊಂದಿಕೊಂಡವರು ಯಾರು ಎಂದು ಕೇಳಿದರೆ ಉತ್ತರ ಅಡುಗೆಮನೆಯಲ್ಲಿದೆ.

ಫಾರ್ಸ್ಟರನ ಕಾದಂಬರಿಯೇ ಅವನ ಈ ಮಾತಿಗೆ ಉತ್ತರ ಕೊಡುತ್ತದೆ ಎನ್ನುವುದು ಅವನ ದೊಡ್ಡತನ. ಮರಬಾರ್ ಗುಹೆಗಳಿಗೆ ಡಾಕ್ಟರ್ ಅಜೀಜ್ ಏರ್ಪಡಿಸುವ ಪ್ರವಾಸವನ್ನು ನೆನೆಯಿರಿ. ಗುಹೆಯೊಳಗೆ ನಡೆದದ್ದೇನೆಂದು ವಿಮರ್ಶಕರು ಬಹಳ ಬರೆದಿದ್ದಾರೆ. ಗುಹೆಯವರೆಗೆ ಹೋದ ಊಟದ ಬುಟ್ಟಿಗಳ ವಿಷಯವನ್ನು ಅಷ್ಟಾಗಿ ಬರೆದಿಲ್ಲ. ಇಂಗ್ಲಿಷರು ಸದಾ ತಿನ್ನುತ್ತಿರುತ್ತಾರೆಂದು ಕೇಳಿದ ಅಜೀಜ್ ಎರಡೆರಡು ಗಂಟೆಗೊಮ್ಮೆ ಅವರಿಗೆ ಏನಾದರೂ ಕೊಡಲು ಸಿದ್ಧತೆ ಮಾಡುತ್ತಾನೆ. ಪ್ರೊಫೆಸರ್ ಗೋಡಬೋಲೆಯ ಮಡಿಮೈಲಿಗೆಗೆ ಬೇರೆ ವ್ಯವಸ್ಥೆಯಾಗಬೇಕು, ಮುಸಲ್ಮಾನನಾದ ತಾನು ಹಂದಿಯ ಮಾಂಸವನ್ನು ಹತ್ತಿರ ಸೇರಿಸುವಂತಿಲ್ಲ, ಅತಿಥಿಗಳಿಗೆ ಮದ್ಯ ಬೇಕೇನೋ ಎಂಬ ಚಿಂತೆ ಬೇರೆ. ಈ ನೆಲವೇ ಮನುಷ್ಯರನ್ನು ಗೂಡು ಗೂಡಾಗಿ ಬೇರೆಯಿಡಲು ನೋಡುತ್ತದೆ ಎಂದು ಫಾರ್ಸ್ಟರ್ ಈ ತೊಂದರೆಗಳನ್ನು ಸೂಚಿಸಿ ಹೇಳುತ್ತಾನೆ. ಹೌದು, ಗೂಡುಗಳನ್ನು ಕಟ್ಟಿದವರು ಇಂಗ್ಲಿಷರೊಬ್ಬರೇ ಅಲ್ಲ. ನಮ್ಮ ಪಂಕ್ತಿಗಳ ಇತಿಹಾಸ ನಮಗೆ ಗೊತ್ತು. ಆದರೂ ಎಲ್ಲರ ನಾಲಿಗೆಯನ್ನೂ ಎಲ್ಲರ ನಿಷೇಧವನ್ನೂ ನೆನಪಿನಲ್ಲಿಟ್ಟುಕೊಂಡು ಒಂದೇ ದಿನದ ಮಟ್ಟಿಗಾದರೂ ಎಲ್ಲರಿಗೂ ಅನ್ನ ಕಾಣಿಸಲು ಹೊರಟವನು ಆ ಕಾದಂಬರಿಯಲ್ಲಿ ಅಜೀಜ್ ಒಬ್ಬನೇ. ಪ್ರವಾಸದ ದುರಂತ ನಮ್ಮನ್ನು ಕಲಕುವುದಕ್ಕೆ ಆ ಬುಟ್ಟಿಗಳೂ ಒಂದು ಕಾರಣ.

ಜಾರ್ಜ್ ಆರ್ವೆಲ್ ಇದೇ ಗಂಟನ್ನು ಬರ್ಮಾದಲ್ಲಿ ಬಿಚ್ಚಲು ನೋಡಿದ. ೧೯೨೨ರಿಂದ ೧೯೨೭ರವರೆಗೆ ಅಲ್ಲಿಯ ಪೊಲೀಸ್ ಇಲಾಖೆಯಲ್ಲಿದ್ದ ಅವನ 'ಬರ್ಮೀಸ್ ಡೇಸ್' ೧೯೩೪ರಲ್ಲಿ ಬಂತು. ಮರದ ವ್ಯಾಪಾರದ ಫ್ಲೋರಿ ಎಂಬ ಒಂಟಿ ಇಂಗ್ಲಿಷನಿಗೆ ಬರ್ಮಾ ಇಷ್ಟ. ಕ್ಲಬ್ಬಿನವರ ಮುಂದೆ ಅದನ್ನು ಹೇಳುವ ಧೈರ್ಯವಿಲ್ಲ. ತಾನು ಮೆಚ್ಚಿದ ಎಲಿಜಬೆತ್‌ಳನ್ನು ಅವನು ಉತ್ಸಾಹದಿಂದ ಊರ ಸಂತೆಗೆ ಕರೆದೊಯ್ಯುತ್ತಾನೆ. ಹಣ್ಣು, ಒಣಮೀನು, ಮೆಣಸಿನಕಾಯಿ, ಜನಜಂಗುಳಿ — ಅವನಿಗೆ ಅದು ಸಂಪತ್ತು, ಆಕೆಗೆ ದುರ್ವಾಸನೆ. ತನ್ನ ಜೀವನವನ್ನೇ ಎತ್ತಿ ಅವಳ ಮುಂದೆ ಹಿಡಿದಿದ್ದೇನೆಂದು ಫ್ಲೋರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಕಾದಂಬರಿಯ ದುಃಖವೆಲ್ಲ ಆ ಸಂತೆಯಲ್ಲಿಯೇ ಮೊಳೆತಿದೆ. ಇದೇ ಆರ್ವೆಲ್ ಹನ್ನೊಂದು ವರ್ಷಗಳ ಮೇಲೆ, ೧೯೪೫ರ ಡಿಸೆಂಬರಿನಲ್ಲಿ, ಇಂಗ್ಲಿಷ್ ಅಡುಗೆಯನ್ನು ಸಮರ್ಥಿಸಿ ಪತ್ರಿಕೆಗೆ ಒಂದು ಸಣ್ಣ ಪ್ರಬಂಧ ಬರೆದ. ಹೊಗೆಯಾಡಿಸಿದ ಹೆರಿಂಗ್, ಯಾರ್ಕ್‌ಷೈರ್ ಪುಡಿಂಗ್, ಡೆವನ್‌ಷೈರಿನ ಕೆನೆ, ಕ್ರಂಪೆಟ್ — ಇವುಗಳ ಬೆಲೆ ಪರದೇಶದಲ್ಲಿ ಬಹುಕಾಲ ಇದ್ದವನಿಗೇ ಗೊತ್ತು ಎಂಬುದು ಅವನ ವಾದ. ಸಾಮ್ರಾಜ್ಯವನ್ನು ಮನಸಾರೆ ದ್ವೇಷಿಸಿದವನ ಬಾಯಿಂದ ಈ ಪಟ್ಟಿ ಬಂದಿತೆಂಬುದು ನನಗೆ ಸಮಾಧಾನ ಕೊಡುತ್ತದೆ. ತನ್ನೂರಿನ ರೊಟ್ಟಿಯನ್ನು ಪ್ರೀತಿಸುವುದಕ್ಕೆ ಪಕ್ಕದವನ ರೊಟ್ಟಿಯನ್ನು ಹಳಿಯಬೇಕಾಗಿಲ್ಲ.

ಈ ಹಸಿವಿಗೆ ಇನ್ನೊಂದು ಮುಖವಿದೆ. ಇಂಡಿಯಾದಲ್ಲಿ ಇಂಗ್ಲೆಂಡನ್ನು ಬಯಸಿದ ನಾಲಿಗೆ ಇಂಗ್ಲೆಂಡಿಗೆ ಹೋದ ಮೇಲೆ ಇಂಡಿಯಾವನ್ನು ಬಯಸಿತು. ಪಾಟ್ನಾದಲ್ಲಿ ೧೭೫೯ರಲ್ಲಿ ಹುಟ್ಟಿದ ದೀನ್ ಮಹಮದ್ ಎಂಬಾತ ಲಂಡನ್ನಿನಲ್ಲಿ ೧೮೧೦ರಲ್ಲಿ ಒಂದು ಹಿಂದೂಸ್ತಾನಿ ಕಾಫಿಗೃಹವನ್ನು ತೆರೆದ. ಇಲ್ಲಿಂದ ಹಿಂದಿರುಗಿದ ಸಾಹೇಬರಿಗೆ ಹುಕ್ಕ, ಮಸಾಲೆಯೂಟ ಅಲ್ಲಿ ಸಿಕ್ಕುತ್ತಿದ್ದುವು. ಎರಡೇ ವರ್ಷದಲ್ಲಿ ಅವನು ದಿವಾಳಿಯಾದ. ಕಲ್ಕತ್ತೆಯಲ್ಲಿ ಹುಟ್ಟಿದ ಥ್ಯಾಕರೆ ೧೮೪೭–೪೮ರಲ್ಲಿ ಕಂತುಗಳಾಗಿ ಪ್ರಕಟಿಸಿದ 'ವ್ಯಾನಿಟಿ ಫೇರ್' ಕಾದಂಬರಿಯಲ್ಲಿ, ರಜೆಯ ಮೇಲೆ ಬಂದ ಕಲೆಕ್ಟರ್ ಜೋಸ್ ಸೆಡ್ಲಿಗಾಗಿ ಅವನ ತಾಯಿ ಮಸಾಲೆಯ ಪದಾರ್ಥ ಮಾಡಿಸಿರುತ್ತಾಳೆ. ಅವನನ್ನು ಮೆಚ್ಚಿಸಲು ಹೋಗಿ ಬೆಕಿ ಶಾರ್ಪ್ ಬಾಯಿ ಸುಟ್ಟುಕೊಳ್ಳುವುದನ್ನು ಓದಿ ನಗದವರಿಲ್ಲ. ನಕ್ಕ ಮೇಲೆ ಒಂದು ಗಳಿಗೆ ಯೋಚಿಸಿದರೆ ಜೋಸನ ಮೇಲೆ ಕನಿಕರವೂ ಹುಟ್ಟುತ್ತದೆ. ಅವನು ಎರಡೂ ಕಡೆ ಅರ್ಧ ಹೊಟ್ಟೆಯ ಮನುಷ್ಯ. ಇಲ್ಲಿದ್ದಾಗ ಯಾರೊಂದಿಗೂ ಕೂಡಿ ಉಣ್ಣದವನು, ಅಲ್ಲಿಗೆ ಹೋದಾಗ ಬರಿಯ ಖಾರವನ್ನು ಹೊತ್ತುಕೊಂಡು ಹೋದ. ಅದನ್ನು ಅರೆದ ಕೈಯ ನೆನಪು ಅವನಿಗಿಲ್ಲ.

ಸಾಮ್ರಾಜ್ಯ ಮುಗಿದ ಮೇಲೆ ಬಂದ ಪುಸ್ತಕಗಳಲ್ಲಿ ಪಾಲ್ ಸ್ಕಾಟ್‌ನ 'ಸ್ಟೇಯಿಂಗ್ ಆನ್' ಈ ಸಾಲಿನ ಕೊನೆಗೆ ಬಂದು ಅದನ್ನು ಪೂರ್ಣಗೊಳಿಸುತ್ತದೆ. ೧೯೭೭ರಲ್ಲಿ ಬುಕರ್ ಬಹುಮಾನ ಪಡೆದ ಈ ಕಾದಂಬರಿಯಲ್ಲಿ ಕರ್ನಲ್ ಟಸ್ಕರ್ ಸ್ಮಾಲಿ, ಅವನ ಹೆಂಡತಿ ಲೂಸಿ ಸ್ವಾತಂತ್ರ್ಯಾನಂತರವೂ ಪಾಂಕೋಟ್ ಎಂಬ ಕಲ್ಪಿತ ಗಿರಿಧಾಮದಲ್ಲಿ ಉಳಿದುಬಿಟ್ಟಿದ್ದಾರೆ. ಮನೆ ಸ್ವಂತದ್ದಲ್ಲ, ಹೋಟೆಲಿನ ಒಂದು ಪಾರ್ಶ್ವ. ಹೋಟೆಲಿನ ಒಡತಿ ಇಂಡಿಯಾದವಳು. ಈಗ ಅಪ್ಪಣೆ ಮಾಡುವ ಅಧಿಕಾರ ಹೋಗಿದೆ, ಬರಿಯ ಹಸಿವು ಉಳಿದಿದೆ. ಆಳು ಇಬ್ರಾಹಿಂ ಇಲ್ಲಿ ರಾಮಸ್ವಾಮಿಯಲ್ಲ. ಅವನಿಗೆ ಹೆಸರಿದೆ, ಮನಸ್ಸಿದೆ, ವ್ಯಂಗ್ಯವಿದೆ; ಈ ಮುದುಕ ಮುದುಕಿಯರನ್ನು ಅವರಿಗಿಂತ ಚೆನ್ನಾಗಿ ಅರಿತವನು ಅವನು. ಟಸ್ಕರ್ ಸತ್ತ ಮೇಲೆ ಒಂಟಿಯಾಗಿ ಉಳಿದ ಲೂಸಿಯ ಅಳಲನ್ನು ಓದುವಾಗ ಅವಳು ಯಾವ ದೇಶದವಳೆಂಬುದು ನಮಗೆ ಮರೆತುಹೋಗುತ್ತದೆ. ಬೇಲಿ ಬಿದ್ದ ಮೇಲೆ ಮಾತ್ರ ಆ ಹಸಿವು ಮನುಷ್ಯರ ಹಸಿವಾಗಿ ಕಂಡಿತು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಹೊಂದಿಕೊಳ್ಳುವವನು ಹಳೆಯದನ್ನು ಮರೆತರೆ ಒಳ್ಳೆಯದಲ್ಲವೆ? ಪೀಟರ್ ಮೇಲ್ ೧೯೮೯ರಲ್ಲಿ ಪ್ರಕಟಿಸಿದ 'ಎ ಇಯರ್ ಇನ್ ಪ್ರೊವಾನ್ಸ್' ಅಂಥವರ ಮೆಚ್ಚಿನ ಪುಸ್ತಕ. ಫ್ರಾನ್ಸಿನ ದಕ್ಷಿಣದ ಹಳ್ಳಿಗೆ ಹೋಗಿ ನೆಲೆಸಿದ ಇಂಗ್ಲಿಷ್ ದಂಪತಿಗಳ ಹನ್ನೆರಡು ತಿಂಗಳ ಕಥೆ. ಹೊಸ ವರ್ಷದ ಊಟದಿಂದ ಆರಂಭವಾಗಿ ಊಟದಿಂದ ಊಟಕ್ಕೆ ಸಾಗುತ್ತದೆ. ಲವಲವಿಕೆಯ ಬರವಣಿಗೆ, ಸಂದೇಹವಿಲ್ಲ. ಆದರೆ ಅದರಲ್ಲಿ ಯಾವ ನೋವೂ ಇಲ್ಲ. ಕಳೆದುಕೊಂಡದ್ದೇನೂ ಇಲ್ಲದವನಿಗೆ ಸಿಕ್ಕಿದ್ದರ ಬೆಲೆಯೂ ಪೂರ್ತಿ ತಿಳಿಯುವುದಿಲ್ಲ. ಇಂದು ಸ್ಪೇನಿನ ಕರಾವಳಿಯಲ್ಲಿ ನೆಲೆಸಿದ ಬ್ರಿಟಿಷ್ ನಿವೃತ್ತರಿಗಾಗಿ ಚಹಾ, ಬೇಕನ್, ಡಬ್ಬಿಯ ಬೀನ್ಸ್ ಮಾರುವ ಅಂಗಡಿಗಳಿವೆ. ಅವರನ್ನು ಕಂಡು ನಗುವುದು ಸುಲಭ. ಡಬ್ಬಿ ಕೊಂಡದ್ದಕ್ಕಾಗಿ ಅವರನ್ನು ನಗಬೇಕಾಗಿಲ್ಲ. ಪಕ್ಕದ ಮನೆಯವನನ್ನು ಕರೆದು ಆ ಬೀನ್ಸನ್ನು ಅವನಿಗೂ ಬಡಿಸಿದರೆ, ಅವನ ಮನೆಯ ಸಾರನ್ನು ತಾವೂ ಉಂಡರೆ, ಅವರು ಆ ಊರಿನವರೇ.

ನಮ್ಮ ಕನ್ನಡ ಈ ವಿಷಯದಲ್ಲಿ ಸ್ವಲ್ಪ ಉದಾರಿ. ಹೊರಗಿನಿಂದ ಬಂದದ್ದಕ್ಕೆಲ್ಲ ನಾವು 'ಸೀಮೆ' ಎಂಬ ಮಾತನ್ನು ಅಂಟಿಸಿದೆವು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಸೀಮೆಬದನೆ ಹುಟ್ಟಿದ್ದು ಮೆಕ್ಸಿಕೋ ಕಡೆಯಲ್ಲಿ. ನಮ್ಮ ಹುಳಿಯ ಪಾತ್ರೆಗೆ ಬಿದ್ದ ಮೇಲೆ ಅದು ನಮ್ಮದೇ ಆಯಿತು, ತಮಿಳರ ಬಾಯಲ್ಲಿ ಬೆಂಗಳೂರಿನ ಬದನೆಯೇ ಆಗಿಬಿಟ್ಟಿತು. ಹೆಸರಿನಲ್ಲಿ ಪರಕೀಯತೆ ಉಳಿದರೂ ಪಂಕ್ತಿಯಲ್ಲಿ ಉಳಿಯಲಿಲ್ಲ. ಆದರೆ ಹೆಮ್ಮೆಪಡುವ ಮೊದಲು ಪರೀಕ್ಷೆಯನ್ನು ನಮಗೂ ಅನ್ವಯಿಸಿಕೊಳ್ಳಬೇಕು. ಚಟ್ನಿಪುಡಿ, ಸಾರಿನಪುಡಿಗಳ ಗಂಟು ಕಟ್ಟಿಕೊಂಡು ಕಡಲಾಚೆ ಹೋಗುವ ನಮ್ಮ ಮಕ್ಕಳ ಹಸಿವು ಈಡನ್ನಳ ಹಸಿವಿಗಿಂತ ಬೇರೆಯದಲ್ಲ. ಅವರ ಕೈಯಲ್ಲಿ ರಾಜ್ಯವಿಲ್ಲ, ಅದು ನಿಜ. ಆದರೆ ಬೇಲಿ ಕಟ್ಟುವುದಕ್ಕೆ ರಾಜ್ಯವೇ ಬೇಕೆಂದಿಲ್ಲ.

ಈ ಪುಸ್ತಕಗಳನ್ನೆಲ್ಲ ಮುಚ್ಚಿಟ್ಟಾಗ ಇನ್ನೊಂದು ಪುಸ್ತಕಕ್ಕಾಗಿ ಮನಸ್ಸು ಹುಡುಕುತ್ತದೆ. ಉಂಡವರು ಬರೆದರು, ಬಡಿಸಿದವರು ಬರೆಯಲಿಲ್ಲ. ಶಿಮ್ಲಾದ ಔತಣದಲ್ಲಿ ಕಂಬಳಿ ಹೊದ್ದು ನಿಂತವರು ಮನೆಗೆ ಹೋಗಿ ಏನು ಹೇಳಿದರು, ಮದರಾಸಿನ ರಾಮಸ್ವಾಮಿ ರಾತ್ರಿ ಕೈ ತೊಳೆದು ತನ್ನ ಅನ್ನದ ಮುಂದೆ ಕುಳಿತಾಗ ಸಾಹೇಬನ ಸೂಪನ್ನು ಕುರಿತು ಹೆಂಡತಿಗೆ ಏನೆಂದ, ಈಡನ್, ಕೆನಿ ಹರ್ಬರ್ಟರಲ್ಲಿ ಅದು ಸಿಕ್ಕುವುದಿಲ್ಲ. ಸ್ಕಾಟ್ ಇಬ್ರಾಹಿಮನ ಮೂಲಕ ಆ ಬಾಗಿಲನ್ನು ಸ್ವಲ್ಪ ತೆರೆದಿದ್ದಾನೆ. ಪೂರ್ತಿ ತೆರೆಯಬೇಕಾದವರು ಈ ಕಡೆಯವರು.